ಪರದೇಶದ ಪೇಟೆಯೂ ನಮ್ಮ ಕಬ್ಬಿನ ಹೊಲವೂ

ಕೃಷ್ಣೆಯ ಬದಿಗಿರುವ ದಿಗ್ಗೇವಾಡಿಯಂಥ ಊರಿನಲ್ಲಿ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಎರಡು ಪ್ರಶ್ನೆಗಳ ಹೊರತು ಮೂರನೆಯ ಮಾತು ಕಿವಿಗೆ ಬೀಳುವದು ಅಪರೂಪ. "ಕಡಿಯುವ ಟೋಳಿ ಯಾವಾಗ ಬರುವದು?" ಎಂಬದು ಮೊದಲನೆಯದು. "ಈ ವರ್ಷ ದರ ಎಷ್ಟು?" ಎಂಬದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರವು ಊರ ಅಗಸಿಯಲ್ಲಿಯೇ ಸಿಕ್ಕೀತು. ಎರಡನೆಯದಕ್ಕೆ ರೈತನು ಕಾರಖಾನೆಯ ಕಚೇರಿಯ ಕಡೆಗೆ ನೋಡುತ್ತಾನೆ. ಕಾರಖಾನೆಯವರು ಬೆಂಗಳೂರಿನ ಕಡೆಗೆ ಕೈ ತೋರುತ್ತಾರೆ. ಬೆಂಗಳೂರಿನವರು ದಿಲ್ಲಿಯ ಕಡೆಗೆ ತೋರುತ್ತಾರೆ. ದಿಲ್ಲಿಯವರಾದರೋ ದೇಶದ ಉಗ್ರಾಣದಲ್ಲಿಯ ಸಕ್ಕರೆಯ ಲೆಕ್ಕವನ್ನೂ, ಸಾವಿರಾರು ಹರದಾರಿಗಳಾಚೆಗೆ ಬ್ರಾಝಿಲ ದೇಶದ ಸ್ಯಾಂಟೋಸ್ ಬಂದರದಲ್ಲಿ ಹಡಗಿಗೇರುವ ಸಕ್ಕರೆಯ ಧಾರಣೆಯನ್ನೂ ಒಟ್ಟಿಗಿಟ್ಟು ನೋಡಿ ನಿರ್ಯಾತದ ಬಾಗಿಲನ್ನು ತೆರೆಯುತ್ತಾರೆ ಇಲ್ಲವೆ ಮುಚ್ಚುತ್ತಾರೆ. ಹೀಗೆ ನಮ್ಮ ಹೊಲದ ಬದುವಿನಿಂದ ಹೊರಟ ಪ್ರಶ್ನೆಯು ಸಮುದ್ರವನ್ನು ದಾಟಿ ಹೋಗಿ ಉತ್ತರವನ್ನು ತರಬೇಕಾಗಿರುವದು.

2025ನೆಯ ಇಸವಿಯ ನವೆಂಬರದಲ್ಲಿ ನಮ್ಮ ಜಿಲ್ಲೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಟನ್ನಿಗೆ 3,500 ರೂಪಾಯಿ ಬೇಕೆಂದು ಸಾವಿರಾರು ರೈತರು ಹಗಲಿರುಳು ರಸ್ತೆಯ ಮೇಲೆ ಕುಳಿತರು. ಕಡೆಗೆ ನವೆಂಬರ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ 3,300 ರೂಪಾಯಿಯ ತೀರ್ಮಾನವಾಯಿತು. ಆ ಮಾತುಕತೆಯಲ್ಲಿ ಎದ್ದ ತಕರಾರುಗಳಾವುವು? ಸಕ್ಕರೆಯ ಕನಿಷ್ಠ ಮಾರಾಟದ ದರವು 2019ರಲ್ಲಿ ಕಿಲೋಕ್ಕೆ 31 ರೂಪಾಯಿಯೆಂದು ಗೊತ್ತಾದದ್ದು ಅಂದಿನವರೆಗೂ ಏರಲಿಲ್ಲವೆಂಬದೊಂದು. ಪರದೇಶಕ್ಕೆ ಸಕ್ಕರೆ ಕಳಿಸಲು ಮೋಕಳಿಕೆಯಿಲ್ಲವೆಂಬದು ಇನ್ನೊಂದು. ಅದೇ ತಿಂಗಳಲ್ಲಿ ಕೇಂದ್ರ ಸರಕಾರವು 2025-26ರ ಹಂಗಾಮಿಗೆ 15 ಲಕ್ಷ ಟನ್ನು ಸಕ್ಕರೆಯ ನಿರ್ಯಾತಕ್ಕೆ ಅಪ್ಪಣೆಯಿತ್ತಿತು. ಗುರ್ಲಾಪುರದ ರಸ್ತೆಗೂ ಲೋಕದ ಪೇಟೆಗೂ ಇರುವ ಸಂಬಂಧವು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಕ್ಕಿಲ್ಲ.

ಆದರೆ ದರದ ಪ್ರಶ್ನೆಯು ದೊಡ್ಡದಾದರೂ ಅದರ ಹಿಂದೆ ಇನ್ನೂ ದೊಡ್ಡದೊಂದು ಪ್ರಶ್ನೆಯಿರುವದು; ಅದನ್ನು ಕುರಿತೇ ಈ ಲೇಖನ. ಪರದೇಶದೊಡನೆ ನಡೆಯುವ ವ್ಯಾಪಾರವು ನಮ್ಮ ಮಾಲಿನ ಬೆಲೆಯನ್ನಷ್ಟೇ ಏರಿಳಿಸುವದೋ, ಅಥವಾ ನಮ್ಮ ಕಸಬುಗಳನ್ನೇ ಬದಲಿಸುವದೋ? ಬದಲಿಸುವದಾದರೆ ಮೇಲಕ್ಕೋ ಕೆಳಕ್ಕೋ? ಒಂದು ಬಡ ದೇಶವು ಸಿರಿವಂತವಾಗುವದೆಂದರೆ ಅಲ್ಲಿಯ ಜನರು ಕಡಿಮೆ ಹುಟ್ಟುವಳಿಯ ಕೆಲಸವನ್ನು ಬಿಟ್ಟು ಹೆಚ್ಚು ಹುಟ್ಟುವಳಿಯ ಕೆಲಸಕ್ಕೆ ಸಾಗುವದು: ತುಂಡು ಹೊಲದಿಂದ ಗಿರಣಿಗೆ, ಗಿರಣಿಯಿಂದ ಯಂತ್ರಶಾಲೆಗೆ, ಅಲ್ಲಿಂದ ಇನ್ನೂ ಹೆಚ್ಚಿನ ಜಾಣ್ಮೆಯ ಉದ್ಯೋಗಗಳಿಗೆ. ಇದನ್ನೇ ಅರ್ಥಶಾಸ್ತ್ರಜ್ಞರು ಆರ್ಥಿಕ ರಚನೆಯ ಮಾರ್ಪಾಡೆನ್ನುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಪರದೇಶದ ಪೇಟೆಯು ನಮ್ಮ ಹೊಲದ ಬೆಳೆಯನ್ನು ತಾನಾಗಿಯೇ ಬದಲಿಸಬಲ್ಲದು. ಆದರೆ ನಮ್ಮ ಮಕ್ಕಳ ಕಸಬನ್ನು ಅದು ತಾನಾಗಿ ಬದಲಿಸಲಾರದು. ಆ ಎರಡನೆಯ ಕೆಲಸವನ್ನು ನಾವೇ ಬುದ್ಧಿಪೂರ್ವಕವಾಗಿ ಮಾಡಬೇಕಾಗಿರುವದು. ಇದಕ್ಕೆ ಸಾಕ್ಷಿಗಳನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ನಾಡಿನ ಇತಿಹಾಸದಲ್ಲಿಯೇ ಅವು ಹೇರಳವಾಗಿವೆ.

ಮೊದಲನೆಯ ಸಾಕ್ಷಿಯು ಹತ್ತಿಯದು. ಅದು ನಮ್ಮ ನೆರೆಯ ಧಾರವಾಡ ಸೀಮೆಯ ಕಥೆ. ಲ್ಯಾಂಕಾಶಾಯರದ ಗಿರಣಿಗಳಿಗೆ ಉದ್ದೆಳೆಯ ಹತ್ತಿ ಬೇಕಾಗಿದ್ದಿತು. ಅದಕ್ಕಾಗಿ 1840ರ ದಶಕದಲ್ಲಿ ಇಂಗ್ಲಿಷ ಅಧಿಕಾರಿಗಳು ಅಮೇರಿಕೆಯ ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ, ಹುಬ್ಬಳ್ಳಿ, ಗದಗಗಳ ಎರೆಯ ಹೊಲಗಳಲ್ಲಿ ಬಿತ್ತಿಸಿದರು. ಆ ಬೆಳೆಯು "ಧಾರವಾಡ-ಅಮೇರಿಕನ್" ಎಂಬ ಹೆಸರಿನಿಂದ ಪರದೇಶದ ಪೇಟೆಯಲ್ಲಿ ಪ್ರಸಿದ್ಧವಾಯಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹತ್ತಿಕೊಂಡು ಅಲ್ಲಿಯ ಅರಳೆಯ ಸಾಗಾಟ ನಿಂತ ಕೂಡಲೆ ನಮ್ಮ ಹತ್ತಿಯ ಬೆಲೆಯು ಹಲವು ಪಟ್ಟು ಏರಿತು. ರೈತನ ಕೈಯಲ್ಲಿ ಎಂದೂ ಕಾಣದಷ್ಟು ಬೆಳ್ಳಿಯ ರೂಪಾಯಿ ಓಡಾಡಿತು. 1865ರಲ್ಲಿ ಯುದ್ಧವು ಮುಗಿಯಿತು, ಬೆಲೆಯು ಕುಸಿಯಿತು, ಮುಂಬಯಿಯ ಸಟ್ಟಾ ವ್ಯಾಪಾರವು ದಿವಾಳಿಯೆದ್ದಿತು. ಅದಾದ ಹನ್ನೊಂದೇ ವರ್ಷಗಳಿಗೆ, 1876-78ರ ಬರಗಾಲವು ಬೆಳಗಾವಿ, ಧಾರವಾಡ, ವಿಜಾಪುರದ ಸೀಮೆಗಳನ್ನು ಹೊಕ್ಕಾಗ, ಆ ಬಂಗಾರದ ದಿನಗಳಿಂದ ಉಳಿದು ಬಂದ ಆಸರೆಯೇನೂ ಬಡ ರೈತನ ಮನೆಯಲ್ಲಿ ಇರಲಿಲ್ಲ.

ಏಕೆ ಉಳಿಯಲಿಲ್ಲ? ಹತ್ತಿಯು ನಮ್ಮ ಹೊಲದಲ್ಲಿ ಬೆಳೆಯಿತು. ಆದರೆ ನೂಲು, ಬಟ್ಟೆ, ಬಣ್ಣ, ಯಂತ್ರ, ಹಡಗು, ವಿಮೆ, ಇವೆಲ್ಲವುಗಳ ಲಾಭವು ಬೇರೆಯವರ ನೆಲದಲ್ಲಿ ಬೆಳೆಯಿತು. ಕಚ್ಚಾಮಾಲು ಹೋದ ದಾರಿಯಿಂದಲೇ ಮ್ಯಾಂಚೆಸ್ಟರಿನ ಬಟ್ಟೆಯು ತಿರುಗಿ ಬಂದು ನಮ್ಮ ನೂಲುವವಳ ರಾಟಿಯನ್ನು ಮೂಲೆಗಿಟ್ಟಿತು, ನೇಕಾರನ ಮಗ್ಗವನ್ನು ನಿಲ್ಲಿಸಿತು. ಕೆಲಸವಿಲ್ಲದವನು ಎಲ್ಲಿಗೆ ಹೋಗಬೇಕು? ಹೊಲಕ್ಕೆ. ಅಂದರೆ ಬೇರೆ ದೇಶಗಳಲ್ಲಿ ಜನರು ನೆಲದಿಂದ ಗಿರಣಿಗೆ ಏರುತ್ತಿದ್ದ ಕಾಲದಲ್ಲಿ ನಮ್ಮ ಕಸಬುದಾರರು ಮಗ್ಗದಿಂದ ನೆಲಕ್ಕೆ ಇಳಿದರು. ವ್ಯಾಪಾರವು ರಚನೆಯನ್ನು ಬದಲಿಸಿತು, ನಿಜ. ಆದರೆ ತಲೆಕೆಳಗಾಗಿ ಬದಲಿಸಿತು.

ಇಷ್ಟೇ ಅಲ್ಲ, ವ್ಯಾಪಾರದ ಅನುಕೂಲವು ನಮ್ಮ ನಾಡಿನ ಗೆರೆಗಳನ್ನೂ ಎಳೆಯಿತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರದಿಂದ ಕಳಿಸುವದು ಸುಲಭವೆಂದು ಮ್ಯಾಂಚೆಸ್ಟರಿನ ವ್ಯಾಪಾರಸ್ಥರು ಕೂಗಿದರು. ಹತ್ತಿ ಬೆಳೆಯುವ ಸೀಮೆಯೂ ಬಂದರವೂ ಒಂದೇ ಇಲಾಖೆಯ ಕೈಯಲ್ಲಿರಲೆಂದು 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಕೂಡಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಅಣ್ಣತಮ್ಮಂದಿರಂತಿದ್ದ ಎರಡು ಜಿಲ್ಲೆಗಳು ತೊಂಬತ್ತು ವರ್ಷಗಳಿಗೂ ಮಿಕ್ಕಿ ಬೇರೆ ಬೇರೆ ಸರಕಾರಗಳ ಕೆಳಗೆ ಬಾಳಿದುದರಲ್ಲಿ ಹತ್ತಿಯ ಹಿಂಡಿಗೆಗಳ ಪಾಲೂ ಉಂಟೆಂಬದನ್ನು ನಮ್ಮ ಶಾಲೆಗಳಲ್ಲಿ ಇನ್ನೂ ಹೇಳಿಕೊಡಬೇಕಾಗಿದೆ.

ಈ ಕೆಡುಕನ್ನು ನಮ್ಮ ಹಿರಿಯರು ಕಾಣದೆ ಹೋಗಲಿಲ್ಲ. ದಾದಾಭಾಯಿ ನವರೋಜಿಯವರು ಸಂಪತ್ತು ಹೊರಗೆ ಹರಿದು ಹೋಗುವದನ್ನು ಲೆಕ್ಕವಿಟ್ಟು ತೋರಿಸಿದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ದೇಶವು ದಿನೇ ದಿನೇ ಬರಿಯ ಒಕ್ಕಲುತನಕ್ಕೆ ಜಾರುತ್ತಿರುವದೇ ಮುಖ್ಯ ರೋಗವೆಂದು ನಿದಾನ ಮಾಡಿದರು. 1890ರಲ್ಲಿ ಪುಣೆಯ ಔದ್ಯೋಗಿಕ ಪರಿಷತ್ತಿನಲ್ಲಿ ಅವರು ಆರಿಸಿಕೊಂಡ ವಿಷಯವಾವುದು ಗೊತ್ತೇ? ಡಚ್ಚರ ಕೈಯಲ್ಲಿದ್ದ ಜಾವಾ ದ್ವೀಪದ ಬೇಸಾಯ ಪದ್ಧತಿ. ಅಲ್ಲಿ ಸರಕಾರವು ಮುಂಗಡ ಹಣ ಕೊಟ್ಟು ಕಬ್ಬನ್ನು ಬೆಳೆದಲ್ಲಿಯೇ ಸಕ್ಕರೆ ಮಾಡಿಸುವ ಕಾರಖಾನೆಗಳನ್ನು ಎಬ್ಬಿಸಿದುದು ಅವರ ಕಣ್ಣಿಗೆ ಬಿದ್ದಿತು. ಡಚ್ಚರು ಜಾವಾದ ರೈತರ ಮೇಲೆ ನಡೆಸಿದ ಒತ್ತಾಯವು ಅನುಕರಣಕ್ಕೆ ಯೋಗ್ಯವಲ್ಲ. ಆದರೆ ಬೆಳೆದಲ್ಲಿಯೇ ಪಕ್ಕಾಮಾಲು ಮಾಡಬೇಕೆಂಬ ತತ್ವವು ಅಲ್ಲಗಳೆಯಲಾಗದ್ದು. ವಿಚಿತ್ರವೇನೆಂದರೆ, ಅದೇ ಜಾವಾದ ಸಕ್ಕರೆಯು ಮುಂದೆ ನಾಲ್ವತ್ತು ವರ್ಷಗಳಲ್ಲಿ ನಮ್ಮ ಪೇಟೆಗಳನ್ನೆಲ್ಲ ತುಂಬಿತು. 1930ರ ಸುಮಾರಿಗೆ ಹಿಂದುಸ್ಥಾನವು ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಹತ್ತಿರ ಹತ್ತಿರ ಸಕ್ಕರೆಯನ್ನು ಪರದೇಶದಿಂದ ಆಯಾತ ಮಾಡಿಕೊಳ್ಳುತ್ತಲಿದ್ದಿತು. ಅದರಲ್ಲಿ ಬಹುಪಾಲು ಜಾವಾದ್ದು. ಸಕ್ಕರೆಯ ತವರು ಮನೆಯೇ ಸಕ್ಕರೆಗಾಗಿ ಪರರ ಮುಂದೆ ಸೆರಗೊಡ್ಡಿತು.

ಎರಡನೆಯ ಸಾಕ್ಷಿಯು ಇಲ್ಲಿಂದ ಆರಂಭವಾಗುವದು. ಟ್ಯಾರಿಫ್ ಮಂಡಲದ ಶಿಫಾರಸಿನ ಮೇರೆಗೆ 1932ರಲ್ಲಿ ಸಕ್ಕರೆ ಉದ್ಯೋಗ ಸಂರಕ್ಷಣ ಕಾಯಿದೆಯಾಯಿತು. ಪರದೇಶದ ಸಕ್ಕರೆಯ ಮೇಲೆ ಹಂಡ್ರೆಡ್‌ವೇಟಿಗೆ 7 ರೂಪಾಯಿ 4 ಆಣೆ ಜಕಾತಿ ಬಿದ್ದಿತು. ಪರಿಣಾಮವನ್ನು ನೋಡಿರಿ. ದೇಶದಲ್ಲಿ ಮೂವತ್ತರಷ್ಟಿದ್ದ ಸಕ್ಕರೆಯ ಕಾರಖಾನೆಗಳು ಐದಾರು ವರ್ಷಗಳಲ್ಲಿ ನೂರಾ ಮೂವತ್ತನ್ನು ದಾಟಿದವು. ಆಯಾತವು ಇಲ್ಲವೆಂಬಷ್ಟು ಇಳಿಯಿತು. ಮೈಸೂರಿನಲ್ಲಿ ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಕಾಲುವೆ, ಬೆಳೆ, ಕಾರಖಾನೆಗಳನ್ನು ಒಂದೇ ಸರಕಾರವು ಒಂದೇ ಯೋಜನೆಯಲ್ಲಿ ಹೊಂದಿಸಿತು. ನಮ್ಮ ಕೃಷ್ಣೆಯ ದಂಡೆಯಲ್ಲಿ ಶಿರಗಾಂವಕರ ಬಂಧುಗಳು ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಕಂಪನಿಯನ್ನು 1939ರಲ್ಲಿ ನಿಲ್ಲಿಸಿದರು. ಅಲ್ಲಿಯವರೆಗೆ ಗಾಣದ ಬೆಲ್ಲವನ್ನು ಬಲ್ಲ ಈ ಸೀಮೆಯು ಫಿಟ್ಟರು, ಟರ್ನರು, ಕೆಮಿಸ್ಟರೆಂಬ ಕಸಬುಗಳನ್ನು ಕಂಡಿತು. ಒಕ್ಕಲಿಗನ ಮಗನು ತಿಂಗಳ ಪಗಾರದ ಮನುಷ್ಯನಾದನು. ಇದೇ ನಿಜವಾದ ಮಾರ್ಪಾಡು. ಹತ್ತಿಯ ಕಾಲದಲ್ಲಿ ಕೇವಲ ಬೆಳೆ ಬದಲಾಗಿದ್ದಿತು. ಸಕ್ಕರೆಯ ಕಾಲದಲ್ಲಿ ಕಸಬೂ ಬದಲಾಯಿತು. ಅಂತರವೇನು? ಮೊದಲ ಸಲ ಪೇಟೆಯು ತನ್ನ ಇಚ್ಛೆಯಂತೆ ನಡೆಯಿತು. ಎರಡನೆಯ ಸಲ ಪೇಟೆಗೆ ಒಂದು ಬೇಲಿಯನ್ನು ಕಟ್ಟಿ, ಬೇಲಿಯೊಳಗೆ ಉದ್ಯೋಗವನ್ನು ಬೆಳೆಸಿದರು.

ಆದರೂ ಇದರಲ್ಲಿ ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಮಾತುಂಟು. ಮಂಡ್ಯದಲ್ಲಿ ಹೊಂದಿಬಂದದ್ದು ಕೃಷ್ಣೆಯ ದಂಡೆಯಲ್ಲಿ ಅಷ್ಟು ಬೇಗ ಏಕೆ ಹೊಂದಿಬರಲಿಲ್ಲ? ಆಗ ಈ ಭಾಗವು ಮುಂಬಯಿ ಇಲಾಖೆ, ಕೊಲ್ಲಾಪುರ, ಸಾಂಗಲಿ, ಜಮಖಂಡಿ, ಮುಧೋಳವೆಂದು ಹರಿದು ಹಂಚಿಹೋಗಿದ್ದಿತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿದ್ದಿತು. ಒಂದು ನದಿಯ ನೀರಿಗೆ ಹಲವು ಧಣಿಗಳಿದ್ದರೆ ದೊಡ್ಡ ಕಾಲುವೆಯನ್ನು ಯೋಚಿಸುವವರಾರು? ಪರದೇಶದ ವ್ಯಾಪಾರವನ್ನು ತನ್ನ ಜನರ ಹಿತಕ್ಕೆ ಬಗ್ಗಿಸಿಕೊಳ್ಳಬೇಕಾದರೆ ಮೊದಲು ಜನರಿಗೆ ಒಂದು ಕೂಡಿದ ಮನೆಯಿರಬೇಕು. 1956ರ ಏಕೀಕರಣದ ಬೆಲೆಯನ್ನು ಭಾಷೆಯ ದೃಷ್ಟಿಯಿಂದ ಅಳೆಯುವವರು ಈ ದೃಷ್ಟಿಯಿಂದಲೂ ಅಳೆಯಬೇಕು.

ನ್ಯಾಯವಾಗಿ ಮಾತಾಡುವದಾದರೆ ನಮ್ಮ ಬೇಲಿಯ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ನಾವು ಬಾಗಿಲು ಮುಚ್ಚಿದಾಗ ಜಾವಾದ ಗತಿಯೇನಾಯಿತು? 1930ರ ಸುಮಾರಿಗೆ 30 ಲಕ್ಷ ಟನ್ನಿನ ಹತ್ತಿರವಿದ್ದ ಅದರ ಸಕ್ಕರೆಯು 1930ರ ದಶಕದ ನಡುವಿಗೆ 5 ಲಕ್ಷ ಟನ್ನಿನ ಸುಮಾರಿಗೆ ಇಳಿಯಿತು. ಕಾರಖಾನೆಗಳು ಬಾಗಿಲಿಕ್ಕಿದವು, ಕಬ್ಬನ್ನೂ ಕೂಲಿಯನ್ನೂ ನಂಬಿದ ಬಡವರು ಬೀದಿಗೆ ಬಿದ್ದರು. ಅವರೂ ನಮ್ಮಂತೆಯೇ ಪರತಂತ್ರರು. ಒಂದೇ ಮಾಲನ್ನು ನೆಚ್ಚಿ, ಒಂದೆರಡು ಪೇಟೆಗಳನ್ನು ನೆಚ್ಚಿ ಕುಳಿತ ನಾಡಿಗೆ ಆ ಪೇಟೆಯ ಬಾಗಿಲು ಮುಚ್ಚಿದ ದಿನವೇ ಪ್ರಳಯ. ಒಂದು ಕಾಲಕ್ಕೆ ನಮಗೆ ಸಕ್ಕರೆ ಉಣಿಸಿದ ಇಂಡೋನೇಶಿಯವು ಇಂದು ಲೋಕದಲ್ಲಿ ಅತಿ ಹೆಚ್ಚು ಸಕ್ಕರೆ ಕೊಳ್ಳುವ ದೇಶಗಳಲ್ಲೊಂದಾಗಿದೆ. ಜಾವಾದ ಈ ಪಾಠವನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನಾವು ಓದಿಕೊಳ್ಳಬೇಕಾದ ಕಾಲವು ಬಂದಿದೆ.

ಯಾಕಂದರೆ ನಾವೂ ಒಂದು ಮೆಟ್ಟಿಲನ್ನು ಏರಿ ಅಲ್ಲಿಯೇ ನಿಂತುಬಿಟ್ಟಿದ್ದೇವೆ. ಉಗಾರದ ನಂತರ ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ ಮೊದಲಾದ ಸಹಕಾರಿ ಕಾರಖಾನೆಗಳೂ, ಆಮೇಲೆ ಖಾಸಗಿ ಕಾರಖಾನೆಗಳೂ ಎದ್ದು ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ಇಪ್ಪತ್ತಕ್ಕೂ ಮಿಕ್ಕಿವೆ. ಜೋಳ, ಶೇಂಗಾ, ಕಡಲೆಯ ಹೊಲಗಳು ಕಬ್ಬಿನ ಹೊಲಗಳಾದವು. ನೀರು ಮಿತಿ ಮೀರಿದಲ್ಲಿ ನೆಲವು ಸವಳು-ಜವಳಾಗಿ ಬಿಳಿಯ ಉಪ್ಪು ಮೇಲೆದ್ದಿದೆ. ಅಜ್ಜನು ಬಂಗಾರವೆಂದು ಕೊಟ್ಟ ಹೊಲದಲ್ಲಿ ಮೊಮ್ಮಗನು ಆಪು ಹುಲ್ಲು ಕೀಳುತ್ತಾನೆ. ಕಬ್ಬು ಕಡಿಯಲು ಬೀಡ, ವಿಜಯಪುರದಂಥ ಒಣ ಸೀಮೆಗಳಿಂದ ಸಂಸಾರಗಳು ಕೂಸುಗಳನ್ನು ಎತ್ತಿಕೊಂಡು ಬಂದು ಹೊಲದ ಬದಿಗೆ ಗುಡಿಸಲು ಹಾಕುತ್ತವೆ. ಆ ಕೂಸುಗಳ ಶಾಲೆಯ ವರ್ಷವು ಕಬ್ಬಿನ ರವದಿಯಲ್ಲಿ ಕಳೆದುಹೋಗುವದನ್ನು ನಮ್ಮ ಮಾಸ್ತರರು ಬಲ್ಲರು. ನಿಪ್ಪಾಣಿಯ ಕಥೆಯೂ ಬೇರೆಯಲ್ಲ. ಅಲ್ಲಿಯ ತಂಬಾಕಿನ ರೈತರು 1981ರಲ್ಲಿ ದರಕ್ಕಾಗಿ ಹೆದ್ದಾರಿಯ ಮೇಲೆ ಕುಳಿತು ಗುಂಡಿನ ಏಟಿಗೆ ಪ್ರಾಣ ತೆತ್ತರು. ವಖಾರಗಳಲ್ಲಿ ತಂಬಾಕು ಬಡಿಯುವ, ಬೀಡಿ ಕಟ್ಟುವ ಹೆಂಗಸರಿಗೆ ಕೆಲಸ ಸಿಕ್ಕಿತಾದರೂ ಆ ಕೆಲಸದಿಂದ ಮುಂದಿನ ಮೆಟ್ಟಿಲಿಗೆ ದಾರಿ ಸಿಗಲಿಲ್ಲ. ಹೊಲದಿಂದ ಹೊರಗೆ ಬಂದ ಮಾತ್ರಕ್ಕೆ ಕಸಬು ಮೇಲಾಯಿತೆಂದು ತಿಳಿಯಬಾರದು.

ದೇಶದ ಲೆಕ್ಕವೂ ಇದನ್ನೇ ಹೇಳುವದು. ಸರಕಾರದ 2023-24ರ ಶ್ರಮಬಲ ಸಮೀಕ್ಷೆಯಂತೆ ದುಡಿಯುವ ನೂರು ಜನರಲ್ಲಿ 46 ಜನರು ಒಕ್ಕಲುತನವನ್ನೇ ನೆಚ್ಚಿದ್ದಾರೆ. ಅವರು ದೇಶದ ಉತ್ಪನ್ನದಲ್ಲಿ ಪಡೆಯುವ ಪಾಲು ಐದನೆಯ ಒಂದು ಭಾಗಕ್ಕೂ ಕಡಿಮೆ. 2018-19ರಲ್ಲಿ ಈ 46 ಎಂಬದು 42ರ ಆಸುಪಾಸಿಗೆ ಇದ್ದಿತು. ಅಂದರೆ ಇಷ್ಟೊಂದು ವ್ಯಾಪಾರ, ಇಷ್ಟೊಂದು ಹೆದ್ದಾರಿ, ಇಷ್ಟೊಂದು ಕಾರಖಾನೆಗಳ ನಡುವೆಯೂ ಜನರು ಹೊಲಕ್ಕೆ ಹಿಂದಿರುಗಿದ್ದಾರೆ. ಮಾರ್ಗರೆಟ್ ಮ್ಯಾಕ್‌ಮಿಲನ್ ಮತ್ತು ಡಾನಿ ರೋಡ್ರಿಕ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಪೇಟೆಗಳು ತೆರೆದ ಮೇಲೆ ಏಶಿಯದ ಹಲವು ದೇಶಗಳಲ್ಲಿ ಕೆಲಸಗಾರರು ಮೇಲಿನ ಕಸಬುಗಳಿಗೆ ಏರಿದರೆಂದೂ, ಲ್ಯಾಟಿನ್ ಅಮೇರಿಕೆ ಹಾಗೂ ಆಫ್ರಿಕೆಗಳ ಹಲವು ದೇಶಗಳಲ್ಲಿ ಕೆಳಗಿನ ಕಸಬುಗಳಿಗೆ ಇಳಿದರೆಂದೂ ತೋರಿಸಿದ್ದಾರೆ. ನೆಲದ ಹುಟ್ಟುವಳಿಯನ್ನೂ ಗಣಿಯ ಮಾಲನ್ನೂ ನೆಚ್ಚಿ ನಿಂತ ದೇಶಗಳಿಗೆ ಈ ಏರಿಕೆಯು ಕಷ್ಟವೆಂಬದು ಅವರ ನಿರ್ಣಯ. ರಾನಡೆಯವರು 1890ರಲ್ಲಿ ಕಂಡದ್ದೇ ಅಂಕಿಗಳ ವೇಷ ತೊಟ್ಟು ಮತ್ತೆ ಬಂದಂತಾಯಿತು.

ಇನ್ನು ಮೂರನೆಯ ಸಾಕ್ಷಿ: ಇಂದಿನ ಸಕ್ಕರೆ. 2021-22ರ ಹಂಗಾಮಿನಲ್ಲಿ ನಮ್ಮ ದೇಶವು ಸುಮಾರು 110 ಲಕ್ಷ ಟನ್ನು ಸಕ್ಕರೆಯನ್ನು ಹೊರಗೆ ಕಳಿಸಿತು. ಆಗ ಲೋಕದಲ್ಲಿ ಬ್ರಾಝಿಲದ ತರುವಾಯ ನಮ್ಮದೇ ಸ್ಥಾನವಾಗಿದ್ದಿತು. 2022ರ ಜೂನದಿಂದ ನಿರ್ಯಾತಕ್ಕೆ ಕಟ್ಟು ಬಿದ್ದಿತು. 2023-24ರಲ್ಲಿ ಬಾಗಿಲು ಪೂರಾ ಮುಚ್ಚಿತು. 2025ರ ಜನೇವರಿಯಲ್ಲಿ 10 ಲಕ್ಷ ಟನ್ನಿನಷ್ಟು ತೆರೆಯಿತು. ನವೆಂಬರದಲ್ಲಿ 15 ಲಕ್ಷ ಟನ್ನಿನಷ್ಟು. ಪಟ್ಟಣದ ಬಡವನ ಚಹದ ಕಪ್ಪಿಗೆ ಸಕ್ಕರೆ ಅಗ್ಗವಾಗಿ ಸಿಗಬೇಕೆಂಬ ಸರಕಾರದ ಚಿಂತೆಯು ತಪ್ಪಲ್ಲ. ಆದರೆ ಕಬ್ಬು ನೆಟ್ಟು ಕಡಿಯುವವರೆಗೆ ವರ್ಷವೊಂದು ಬೇಕು. ನಿರ್ಯಾತದ ಅಪ್ಪಣೆಯು ನಾಟಿಯ ಹೊತ್ತಿಗೆ ಒಂದು ರೀತಿ, ಕಡಿತದ ಹೊತ್ತಿಗೆ ಇನ್ನೊಂದು ರೀತಿಯಾದರೆ ರೈತನು ಯಾವ ಲೆಕ್ಕದ ಮೇಲೆ ಸಾಲ ತೆಗೆಯಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ?

ದೂರಿನ ಮಾತು ಬಂದುದರಿಂದ ವಕೀಲನಾದ ನಾನು ಎರಡು ದಾವೆಗಳನ್ನು ವಾಚಕರ ಮುಂದಿಡುವೆನು. ಒಂದು ಜಿನೀವಾದ್ದು. ಬ್ರಾಝಿಲ, ಆಸ್ಟ್ರೇಲಿಯ, ಗ್ವಾಟೆಮಾಲಗಳು 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಫಿರ್ಯಾದಿಗಳಾಗಿ ನಿಂತು, ಹಿಂದುಸ್ಥಾನವು ಕಬ್ಬಿಗೆ ಗೊತ್ತುಮಾಡುವ ದರವು ಕರಾರಿನ ಮಿತಿಯನ್ನು ಮೀರಿದೆಯೆಂದು ವಾದಿಸಿದವು. 2021ರ ದಿಸೆಂಬರದಲ್ಲಿ ತೀರ್ಪು ನಮ್ಮ ವಿರುದ್ಧವಾಯಿತು: 2014-15ರಿಂದ 2018-19ರವರೆಗಿನ ಐದು ಹಂಗಾಮುಗಳಲ್ಲಿ ನಮ್ಮ ಬೆಂಬಲವು ಹುಟ್ಟುವಳಿಯ ಬೆಲೆಯ ಶೇಕಡಾ 10ರ ಮಿತಿಯನ್ನು ದಾಟಿತೆಂಬದು ಅದರ ಸಾರ. ನಮ್ಮ ಸರಕಾರವು ಅಪೀಲು ಮಾಡಿತು. ಆದರೆ ಅಪೀಲು ಕೇಳುವ ಪೀಠವು 2019ರ ದಿಸೆಂಬರದಲ್ಲಿಯೇ ಸಾಕಷ್ಟು ನ್ಯಾಯಾಧೀಶರಿಲ್ಲದೆ ನಿಂತುಹೋಗಿದ್ದಿತು. ಹೀಗೆ ದಿಗ್ಗೇವಾಡಿಯ ಕಬ್ಬಿನ ದರವು ತನಗರಿಯದಂತೆಯೇ ಪರದೇಶದ ನ್ಯಾಯಾಸನದ ಮುಂದೆ ಪ್ರತಿವಾದಿಯಾಯಿತು.

ಇನ್ನೊಂದು ದಾವೆಯು ನನ್ನ ಕಚೇರಿಯದು. ಹಿಂದೊಂದು ಹಂಗಾಮು ಮುಗಿದ ಮೇಲೆ, ಕಬ್ಬಿನ ಬಿಲ್ಲು ಬಾರದೆ ಬೇಸತ್ತ ವೃದ್ಧ ರೈತರೊಬ್ಬರು ಬಂದು ಬಾಂಕಿನ ಮೇಲೆ ಕುಳಿತರು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಕೊಡಬೇಕೆಂದು ನಾನು ಓದಿ ಹೇಳಿದೆನು. ಅವರು ಕೇಳಿದರು: "ಹಂಗಾದ್ರ ಕಾಯ್ದೆ ನನ್ನ ಕಡೆಗೈತಿ ಅಂತೀರೇನ್ರಿ, ವಕೀಲ ಸಾಹೇಬ್ರ?" ಹೌದೆಂದೆನು. "ಮತ್ತ ರೊಕ್ಕಾ ಯಾರ ಕಡೆಗೈತಿ?" ಎಂದರು. ನಾನು ನಿರುತ್ತರನಾದೆನು. ಸಕ್ಕರೆಯು ಗೋದಾಮಿನಲ್ಲಿದ್ದಿತು, ಗೋದಾಮಿನ ಕೀಲಿಯು ಬ್ಯಾಂಕಿನಲ್ಲಿದ್ದಿತು, ಪೇಟೆಯ ಕೀಲಿಯು ಇನ್ನೆಲ್ಲಿಯೋ ಇದ್ದಿತು. ಕಾಯಿದೆಯು ದರವನ್ನು ಗೊತ್ತುಮಾಡಬಲ್ಲದು. ಮಾರಾಟವಾಗದ ಮಾಲಿನಿಂದ ಹಣವನ್ನು ಹಿಂಡಲಾರದು.

ದೊಡ್ಡ ಬಂಡವಲಿನವರಿಗೂ ಈ ಅಲೆಯು ಸೌಮ್ಯವಲ್ಲ. ನಮ್ಮ ಜಿಲ್ಲೆಯ ಮುನವಳ್ಳಿಯಲ್ಲಿ 1990ರ ದಶಕದ ಕೊನೆಗೆ ಆರಂಭವಾದ ರೇಣುಕಾ ಶುಗರ್ಸ್ ಕಂಪನಿಯು 2010ರಲ್ಲಿ ಬ್ರಾಝಿಲದ ಕಾರಖಾನೆಗಳನ್ನೇ ಕೊಂಡಿತು. ಕನ್ನಡ ನಾಡಿನ ಸಾಹಸವೆಂದು ನಾವೆಲ್ಲರೂ ಹಿಗ್ಗಿದೆವು. ಲೋಕದ ಸಕ್ಕರೆಯ ಬೆಲೆ ಬಿದ್ದು, ಸಾಲವು ಬೆಳೆದು, 2015ರಲ್ಲಿ ಅದರ ಬ್ರಾಝಿಲದ ಶಾಖೆಗಳು ಅಲ್ಲಿಯ ಕೋರ್ಟಿನ ಆಸರೆ ಬೇಡಬೇಕಾಯಿತು. 2018ರಲ್ಲಿ ಕಂಪನಿಯ ಹಿಡಿತವು ಸಿಂಗಾಪುರದ ವಿಲ್ಮಾರ್ ಸಂಸ್ಥೆಗೆ ಹೋಯಿತು. ಕಚ್ಚಾಮಾಲಿನ ಪೇಟೆಯಲ್ಲಿ ಆನೆಯೂ ಜಾರುವದು. ಎರಡೆಕರೆಯ ರೈತನ ಪಾಡೇನು?

ಹಾಗಾದರೆ ಪರದೇಶದ ವ್ಯಾಪಾರವೇ ಬೇಡವೆನ್ನೋಣವೇ? ಹಾಗೆನ್ನುವವರು ನಮ್ಮಲ್ಲಿ ಕೆಲವರಿದ್ದಾರೆ; ಬಾಗಿಲೆಲ್ಲ ತೆರೆದುಬಿಟ್ಟರೆ ಲಕ್ಷ್ಮಿಯು ತಾನೇ ಒಳಗೆ ಬರುವಳೆನ್ನುವವರು ಮತ್ತೆ ಕೆಲವರು. ಇಬ್ಬರ ಮಾತನ್ನೂ ನಾನು ಒಪ್ಪಲಾರೆನು. ನಮ್ಮ ಚಿಕ್ಕೋಡಿಯ ಮಗ್ಗುಲಿನ ಹುಕ್ಕೇರಿ ತಾಲೂಕಿನ ಹತ್ತರಗಿಗೆ ಹೋಗಿ ನೋಡಿರಿ. ಹೆದ್ದಾರಿಯ ಬದಿಗೆ 2009ರಲ್ಲಿ ಆರಂಭವಾದ ವಿಶೇಷ ಆರ್ಥಿಕ ವಲಯದಲ್ಲಿ ಯುರೋಪದ ವಿಮಾನಗಳಿಗೆ ಬೇಕಾಗುವ ಬಿಡಿಭಾಗಗಳನ್ನು ಕೂದಲೆಳೆಯ ಅಳತೆಯಲ್ಲಿ ಕೊರೆದು ಕಳಿಸುತ್ತಾರೆ. ಬೆಳಗಾವಿಯ ಉದ್ಯಮಬಾಗದ ಎರಕದ ಮನೆಗಳಲ್ಲಿ, ಯಂತ್ರಶಾಲೆಗಳಲ್ಲಿ ತಲೆಮಾರುಗಳಿಂದ ಪಳಗಿದ ಕೈಗಳು ಈ ಸೀಮೆಯಲ್ಲಿದ್ದುದರಿಂದಲೇ ಅಂಥ ಕೆಲಸವು ಇಲ್ಲಿ ಬೇರೂರಿತೆಂದು ನನ್ನ ನಂಬುಗೆ. ಇದೂ ಪರದೇಶದ ಪೇಟೆಯೇ. ಆದರೆ ಇಲ್ಲಿ ಹಡಗಿಗೇರುವದು ನೆಲದ ಸಾರವಲ್ಲ, ಕೈಯ ಜಾಣ್ಮೆ. ಜಾಣ್ಮೆಯು ಮಾರಿದಷ್ಟೂ ಹೆಚ್ಚುವದು. ನೆಲದ ಸಾರವು ಮಾರಿದಷ್ಟೂ ತೀರುವದು.

ದಕ್ಷಿಣ ಕೊರಿಯವು ಇದೇ ದಾರಿಯಿಂದ ನಡೆಯಿತು. 1963ರಲ್ಲಿ ಅಲ್ಲಿಯ ನೂರು ದುಡಿಮೆಗಾರರಲ್ಲಿ 63 ಜನರು ಒಕ್ಕಲುತನದಲ್ಲಿದ್ದರು. ಇಂದು ಹತ್ತು ಜನರೂ ಇಲ್ಲ. ಅವರು ಮೊದಲು ಬಟ್ಟೆ, ಪ್ಲೈವುಡ್, ಕೃತ್ರಿಮ ಕೂದಲಿನ ಟೋಪಿಗಳನ್ನು ಮಾರಿದರು. ಆ ಹಣದಿಂದ ಉಕ್ಕು, ಹಡಗು, ವಿದ್ಯುತ್ ಉಪಕರಣಗಳಿಗೆ ಏರಿದರು. ಅಲ್ಲಿಯ ಸರಕಾರವು ಉದ್ಯೋಗಗಳಿಗೆ ಆಸರೆ ಕೊಟ್ಟಿತು, ಆದರೆ ಪುಕ್ಕಟೆಯಾಗಿ ಕೊಡಲಿಲ್ಲ: ಪರದೇಶದ ಪೇಟೆಯಲ್ಲಿ ಗೆದ್ದು ತೋರಿಸಬೇಕೆಂಬ ಷರತ್ತನ್ನು ಹಾಕಿತು. ಅದರ ಜೊತೆಗೆ ಶಾಲೆಗಳ ಮೇಲೆ ಹಣ ಸುರಿಯಿತು. ನಮ್ಮ ಸಕ್ಕರೆಗೆ 1932ರಲ್ಲಿ ಬೇಲಿಯು ದೊರೆಯಿತು. ಆ ಷರತ್ತು ಮಾತ್ರ ದೊರೆಯಲಿಲ್ಲ.

ಅಥಣಿಯ ಚರ್ಮದ ಕಸಬುದಾರರ ಸಂಗತಿಯೂ ಇಲ್ಲಿ ವಿಚಾರಕ್ಕೆ ಯೋಗ್ಯವಾಗಿದೆ. ಅಥಣಿ, ನಿಪ್ಪಾಣಿಗಳ ಸುತ್ತಿನಲ್ಲಿ ಹೊಲಿದ ಚಪ್ಪಲಿಯು ಬಹುಕಾಲದಿಂದ ಕೊಲ್ಲಾಪುರದ ಹೆಸರಿನಿಂದ ಮಾರಾಟವಾಗುತ್ತ ಬಂದಿದೆ. 2019ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯಾದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದರಲ್ಲಿ ಹಕ್ಕು ದೊರೆಯಿತು. 2025ರ ಜೂನದಲ್ಲಿ ಇಟಲಿಯ ಪ್ರಾಡಾ ಎಂಬ ಮನೆತನವು ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾಟದ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ಕೂಗೆದ್ದಿತು. ಮೂಲವನ್ನು ಅವರು ಆಮೇಲೆ ಒಪ್ಪಿಕೊಂಡರು. ಚರ್ಮ ಹದ ಮಾಡಿದ, ಹೆಣೆದ, ಹೊಲಿದ ಕೈಗಳು ನಮ್ಮವು. ಹೆಸರಿನ ಬೆಲೆಯು ಪರರದು. ಇಂದಿನ ವ್ಯಾಪಾರದಲ್ಲಿ ಮಾಲಿಗಿಂತ ಹೆಸರು ದುಬಾರಿ. ಹೆಸರನ್ನು ಕಾಯ್ದುಕೊಳ್ಳದ ಕಸಬುದಾರನು ಮಾಲನ್ನು ಮಾಡಿಯೂ ಕೂಲಿಕಾರನಾಗಿಯೇ ಉಳಿಯುವನು.

ಇನ್ನು ನಮ್ಮ ಕೇಳಿಕೆಗಳು ಯಾವುವಾಗಿರಬೇಕು? ಟನ್ನಿಗೆ ನೂರು ರೂಪಾಯಿ ಹೆಚ್ಚು ಕೇಳುವದು ನ್ಯಾಯವೇ. ಆದರೆ ಅಷ್ಟಕ್ಕೇ ನಿಲ್ಲಬಾರದು. ಮೊದಲನೆಯದು: ನಿರ್ಯಾತದ ಬಾಗಿಲು ಯಾವ ಸಂಗ್ರಹಕ್ಕೆ ತೆರೆಯುವದು, ಯಾವ ಸಂಗ್ರಹಕ್ಕೆ ಮುಚ್ಚುವದೆಂಬ ನಿಯಮವನ್ನು ನಾಟಿಗೆ ಮೊದಲೇ ಸಾರಬೇಕು, ಅಪ್ಪಣೆಯು ಕೃಪೆಯಾಗದೆ ನಿಯಮವಾಗಬೇಕು. ಎರಡನೆಯದು: ಸಕ್ಕರೆ, ಮದ್ಯಸಾರ, ವಿದ್ಯುತ್ತುಗಳ ಆದಾಯದಲ್ಲಿ ರೈತನಿಗೆ ಗೊತ್ತಾದ ಪಾಲು ಬೇಕು. ರಂಗರಾಜನ್ ಸಮಿತಿಯು 2012ರಲ್ಲಿ ಸಕ್ಕರೆ ಮತ್ತು ಅದರ ಉಪವಸ್ತುಗಳ ಮೌಲ್ಯದಲ್ಲಿ ಶೇಕಡಾ 70ನ್ನು ಕಬ್ಬು ಬೆಳೆಗಾರನಿಗೆ ಹೇಳಿತು; ಕರ್ನಾಟಕವು 2013ರಲ್ಲಿ ಕಬ್ಬು ಖರೀದಿ ಹಾಗೂ ಪೂರೈಕೆಯ ನಿಯಂತ್ರಣಕ್ಕೆ ಕಾಯಿದೆಯನ್ನೇ ಮಾಡಿತು. ಲೆಕ್ಕದ ಪುಸ್ತಕವು ಬೆಳೆಗಾರನ ಕಣ್ಣಿಗೆ ತೆರೆದಿರದ ಹೊರತು ಆ ಪಾಲು ಕಾಗದದಲ್ಲಿಯೇ ಉಳಿಯುವದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕಬ್ಬಿನಿಂದ ಬಂದ ಹಣದ ಒಂದಂಶವು ಕಬ್ಬಲ್ಲದ ಕಸಬಿಗೆ ಸೇರಬೇಕು. ರಾಯಬಾಗ, ಚಿಕ್ಕೋಡಿ, ಅಥಣಿಗಳಲ್ಲಿ ಒಳ್ಳೆಯ ತಾಂತ್ರಿಕ ಶಾಲೆಗಳು, ಅವುಗಳಲ್ಲಿ ಹೊಸ ಯಂತ್ರಗಳು, ಹತ್ತರಗಿ-ಬೆಳಗಾವಿಗಳ ಕಾರಖಾನೆಗಳೊಡನೆ ಅವುಗಳ ನಂಟು, ಇವುಗಳನ್ನು ದರದ ಕೇಳಿಕೆಯಷ್ಟೇ ಗಟ್ಟಿಯಾಗಿ ಕೇಳಬೇಕು. ಗುರ್ಲಾಪುರದಲ್ಲಿ ತೋರಿದ ಒಕ್ಕಟ್ಟನ್ನು ಒಂದು ದಿನವಾದರೂ ಶಾಲೆಯ ಸಲುವಾಗಿ ತೋರಿಸಿದ್ದೇವೆಯೇ?

ಇದರಲ್ಲಿ ಶಿಕ್ಷಕ ಬಾಂಧವರ ಪಾಲು ದೊಡ್ಡದು. ಭೂಗೋಲದ ತಾಸಿನಲ್ಲಿ ಬ್ರಾಝಿಲದ ರಾಜಧಾನಿಯನ್ನು ಬಾಯಿಪಾಠ ಮಾಡಿಸುವ ಮಾಸ್ತರರು, ಅಲ್ಲಿ ಮಳೆ ತಪ್ಪಿದರೆ ದಿಗ್ಗೇವಾಡಿಯ ಕಬ್ಬಿನ ದರಕ್ಕೆ ಏನಾಗುವದೆಂಬದನ್ನೂ ಹುಡುಗರಿಗೆ ತಿಳಿಸಿ ಹೇಳಲಿ. ಲೋಕದ ಪೇಟೆಯ ಸುದ್ದಿಯು ದಲಾಲರ ಇಂಗ್ಲಿಷಿನಲ್ಲಿಯೇ ಉಳಿಯದೆ ಶುದ್ಧ ಕನ್ನಡದಲ್ಲಿ ರೈತನ ಮನೆಗೆ ಬರಲಿ. ತಿಳಿಯದವನ ಮೇಲೆ ಪೇಟೆಯು ಸವಾರಿ ಮಾಡುವದು. ತಿಳಿದವನು ಕೆಲಮಟ್ಟಿಗಾದರೂ ಅದರ ಲಗಾಮನ್ನು ಹಿಡಿಯಬಲ್ಲನು.

ಮೊನ್ನೆ ರಾಯಬಾಗದ ದಾರಿಯಲ್ಲಿ ಕಬ್ಬಿನ ಟ್ರ್ಯಾಲಿಗಳ ಸಾಲು ನಿಂತಿದ್ದಾಗ, ಒಂದು ಟ್ರ್ಯಾಕ್ಟರಿನ ಮೇಲೆ ಹದಿನೇಳು-ಹದಿನೆಂಟರ ಹುಡುಗನೊಬ್ಬನು ಕುಳಿತಿದ್ದನು. ಕಾಲೇಜಿಗೆ ಹೋಗುವದಿಲ್ಲವೇನಪ್ಪಾ ಎಂದೆನು. "ಹಂಗಾಮ ಮುಗೀಲಿರೀ, ಆಮ್ಯಾಲ ನೋಡೂಣು" ಎಂದನು. ಹತ್ತಿಯ ಕಾಲದಲ್ಲಿ ಅವನ ಮುತ್ತಜ್ಜನ ತಂದೆಯೂ ಹೀಗೆಯೇ ಅಂದಿರಬೇಕು. ಆ ಹುಡುಗನ ಹಂಗಾಮು ಎಂದಿಗೆ ಮುಗಿಯಬೇಕು, ಮುಗಿದ ಮೇಲೆ ಅವನು ಹೋಗಲು ಬಾಗಿಲೊಂದು ತೆರೆದಿರಬೇಕೋ ಬೇಡವೋ ಎಂಬದನ್ನು ಸ್ಯಾಂಟೋಸದವರು ನಿರ್ಣಯಿಸಲಾರರು. ಅದನ್ನು ನಿರ್ಣಯಿಸಬೇಕಾದವರು ನಾವು.